ಕಾಡಿಗೆ ತಕ್ಕ ವಾಕಿಟಾಕಿ

ಸ್ಟೋರ್ ರೂಮಿನ ಬೀಗದ ಕೈಯನ್ನು ಸಮಿತ್ ಮೇಜಿನ ಮೇಲೆ ಮೆಲ್ಲನೆ ತಳ್ಳಿ, "ಅಂಕಲ್, ಅಬ್ ಆಪ್ ಆರಾಮ್ ಕರೋ" ಎಂದ ಗಳಿಗೆಯಲ್ಲೇ ಪುಂಡರೀಕಾಕ್ಷ ಅಪರಾಧಿಯಾಗಲು ತೀರ್ಮಾನಿಸಿದ. ಅದುವರೆಗೆ ಅವನು ಮಾಡಿದ್ದ ಅತಿ ದೊಡ್ಡ ಅಪರಾಧವೆಂದರೆ ಸೆಕೆಂಡ್ ಕ್ಲಾಸ್ ಪಾಸಿನಲ್ಲಿ ಲೋಕಲ್ ರೈಲಿನ ಫಸ್ಟ್ ಕ್ಲಾಸ್ ಡಬ್ಬಿ ಹತ್ತಿ, ಠಾಣೆ ಬರುವಷ್ಟರಲ್ಲಿ ಹೆದರಿ ಇಳಿದದ್ದು.

ಅವನು ಕಾರ್ಕಳದ ಕಡೆಯವನು. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ಹಿತೇಶ್ ಶೇಟ್ ಅವರ ಕಂಪನಿಯಲ್ಲಿ ಫೀಲ್ಡ್ ಸೂಪರ್‌ವೈಸರ್. ಕಲ್ಯಾಣದಾಚೆ ಮಲಂಗಗಡದ ಬುಡದ ಕಾಡುಗಳಲ್ಲಿ ಹೈಟೆನ್ಷನ್ ತಂತಿಗಳು ಹಾದುಹೋಗುತ್ತವೆ. ಆ ತಂತಿಗಳ ಕೆಳಗೆ ಯಾವ ಮರ ತಲೆಯೆತ್ತುತ್ತಿದೆ ಎಂದು ನೋಡಿ, ತಾಗುವ ಕೊಂಬೆಗಳನ್ನು ಸವರಿಸುವುದು ಕಂಪನಿಯ ಕೆಲಸ. ದಿವಾದಲ್ಲಿ ಬಿಡಾರ ಹೂಡಿರುವ ಕಲಬುರಗಿ ಕಡೆಯ ಗ್ಯಾಂಗು ಕೊಂಬೆ ಕಡಿಯುತ್ತಿತ್ತು, ಪುಂಡರೀಕಾಕ್ಷ ಮುಂದೆ ನಡೆಯುತ್ತಿದ್ದ. ಡೊಂಬಿವಲಿ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಅವನು ಕಾಲನ್ನು ಎಲ್ಲಿ ಇಡಬೇಕೆಂಬುದನ್ನು ಬೇರೆಯವರೇ ನಿರ್ಧರಿಸುತ್ತಾರೆ. ಕಾಡಿನಲ್ಲಿ ಮಾತ್ರ ಅವನು ತಾನೇ ನಿರ್ಧರಿಸಬಹುದಿತ್ತು. ಬಾಯಿಬಿಟ್ಟು ಯಾರಿಗೂ ಹೇಳದಿದ್ದರೂ ಆ ಕಾಡನ್ನು ಅವನು ತುಂಬ ಪ್ರೀತಿಸುತ್ತಿದ್ದ.

ಕಾಡಿನಲ್ಲಿ ಮೊಬೈಲಿಗೆ ರೇಂಜ್ ಇರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಗ್ಯಾಂಗಿನ ಮುಖ್ಯಸ್ಥ ರೇವಣಸಿದ್ದ ಒಂದು ಕಣಿವೆಯಲ್ಲಿ ದಾರಿ ತಪ್ಪಿ, ಸಂಜೆಯವರೆಗೂ ಕೂಗಿ ಕೂಗಿ ಗಂಟಲು ಕಳೆದುಕೊಂಡ. ಮರುದಿನ ಅವನು ಪಿಸುಮಾತಿನಲ್ಲೇ, "ಸಾಹೇಬ್ರ, ಹಿಂಗಾದ್ರ ಒಂದಿನ ನಮ್ಮ ಹೆಣಾನೂ ಸಿಗಂಗಿಲ್ಲ ನೋಡ್ರಿ" ಎಂದ. ಆಗ ಶೇಟ್, ಕಾಡಿನ ಕೆಲಸಕ್ಕೆ ಯಾವ ವಾಕಿಟಾಕಿ ಒಳ್ಳೆಯದೆಂದು ನೋಡಿ ಆರಿಸುವ ಹೊಣೆಯನ್ನು ಪುಂಡರೀಕಾಕ್ಷನಿಗೆ ವಹಿಸಿದರು. ಹೆಣ್ಣು ನೋಡಲು ಹೋದಾಗಲೂ ಅವನು ಅಷ್ಟು ಪ್ರಶ್ನೆ ಕೇಳಿರಲಿಲ್ಲ. ಠಾಣೆ ಸ್ಟೇಷನ್ನಿನ ಹೊರಗಿನ ಅಂಗಡಿಯವನಿಗಂತೂ ಇವನು ಮೆಟ್ಟಿಲು ಹತ್ತುವುದು ಕಂಡರೆ ಚಹಾಕ್ಕೆ ಹೋಗುವ ನೆನಪಾಗುತ್ತಿತ್ತು.

ಡಬ್ಬದ ಮೇಲೆ ಬರೆದ ಕಿಲೋಮೀಟರು ಸಮುದ್ರದ ಮೇಲೆ ಮಾತಾಡುವವರಿಗೇ ಹೊರತು ಮರದ ಕೆಳಗೆ ನಿಂತವರಿಗಲ್ಲ ಎಂಬುದನ್ನು ಅವನು ಮೊದಲ ವಾರದಲ್ಲೇ ಕಂಡುಕೊಂಡ. ಒದ್ದೆ ಎಲೆಗಳು ಮಾತನ್ನು ಹೀರಿಬಿಡುತ್ತವೆ. ಉದ್ದ ಅಲೆಯ ಸೆಟ್ಟು ಎಲೆಗಳ ನಡುವೆ ನುಸುಳಿ ದೂರ ಹೋಗುತ್ತದೆ, ಆದರೆ ಅದಕ್ಕೆ ಸರಕಾರದ ಲೈಸೆನ್ಸ್ ಬೇಕು. ಲೈಸೆನ್ಸ್ ಬೇಡದ ಚಿಕ್ಕ ಸೆಟ್ಟು ಅಗ್ಗ, ಆದರೆ ಒಂದು ದಿಬ್ಬ ಅಡ್ಡ ಬಂದರೆ ಸೋತು ಕೂರುತ್ತದೆ. ಬ್ಯಾಟರಿ ಬೆಳಗಿನಿಂದ ಸಂಜೆಯವರೆಗೆ ಬಾಳಬೇಕು, ನೀರಿಗೆ ಬಿದ್ದರೂ ಬದುಕಬೇಕು, ಕೈಗವಸು ಹಾಕಿದ ಬೆರಳಿಗೂ ಗುಂಡಿ ಸಿಗಬೇಕು. ಬಣ್ಣ ಕಿತ್ತಳೆ ಇರಬೇಕು, ತರಗೆಲೆಯಲ್ಲಿ ಬಿದ್ದರೆ ಕಾಣಬೇಕಲ್ಲ. ಈ ಎಲ್ಲ ಗುಣಗಳಿದ್ದ ಒಂದು ಸೆಟ್ಟನ್ನು ಆರಿಸಿ, ಹೊಸ ಅಂಗಿ ಹಾಕಿಕೊಂಡು ಶೇಟ್ ಅವರ ಕ್ಯಾಬಿನ್ನಿಗೆ ಹೋದ.

ಅಲ್ಲಿ ಶೇಟ್ ಅವರ ತಂಗಿಯ ಮಗ ಸಮಿತ್ ಕೂತಿದ್ದ. ಮೇಜಿನ ಮೇಲೆ ನಾಲ್ಕು ರೆಕ್ಕೆಯ ಡ್ರೋನು ಕೂತಿತ್ತು. ಇನ್ನು ಮರ ನೋಡಲು ಕಾಡಿಗೆ ಯಾರೂ ನಡೆಯಬೇಕಾಗಿಲ್ಲ, ಇದು ಹಾರಿ ನೋಡಿಕೊಂಡು ಬರುತ್ತದೆ, ಗ್ಯಾಂಗು ಅರ್ಧಕ್ಕಿಳಿಯುತ್ತದೆ, ವಾಕಿಟಾಕಿ ದಂಡ ಎಂದು ಅವನು ವಿವರಿಸಿದ. ಶನಿವಾರ ವಿದ್ಯುತ್ ಕಂಪನಿಯ ಅಧಿಕಾರಿಗಳು ನಾಗಪುರದಿಂದ ಬರುತ್ತಾರೆ, ಮಲಂಗಗಡದ ಕಾಡಿನಲ್ಲೇ ಡ್ರೋನಿನ ಆಟ ನೋಡಿ ಒಪ್ಪಿದರೆ ಒಂದನೇ ತಾರೀಕಿನಿಂದ ಹೊಸ ಪದ್ಧತಿ. ಆಮೇಲೆ ಬೀಗದ ಕೈ ಮುಂದಕ್ಕೆ ಬಂತು. ಸ್ಟೋರ್ ರೂಮಿಗೆ ಕಿಟಕಿ ಒಂದೇ, ಅದು ತೆರೆಯುವುದು ಪಕ್ಕದ ಕೆಮಿಕಲ್ ಫ್ಯಾಕ್ಟರಿಯ ಗೋಡೆಗೆ. ಅಲ್ಲಿ ರಿಟೈರ್ ಆಗುವವರೆಗೆ ಕೂರುವುದನ್ನು ನೆನೆದರೆ ಪುಂಡರೀಕಾಕ್ಷನಿಗೆ ಅಳು ಬರುವಂತಾಯಿತು. ಕ್ಯಾಬಿನ್ನಿನಲ್ಲಿ ಅಳುವುದು ಮರ್ಯಾದೆಯಲ್ಲವೆಂದು ಬೀಗದ ಕೈ ತೆಗೆದುಕೊಂಡು ಥ್ಯಾಂಕ್ಯೂ ಹೇಳಿದ.

ಅಂದು ಮನೆಗೆ ನಡೆಯುವಾಗಲೇ ಯೋಜನೆ ಅರ್ಧ ಬೆಂದಿತ್ತು. ಡ್ರೋನನ್ನು ಮಾರುವುದಿಲ್ಲ, ಮುರಿಯುವುದಿಲ್ಲ. ಶನಿವಾರ ಅದು ಇರಬೇಕಾದ ಜಾಗದಲ್ಲಿ ಇರಬಾರದು, ಅಷ್ಟೆ. ಆದ್ದರಿಂದ ಇದು ಕಳ್ಳತನವಲ್ಲ, ಸ್ಥಳಾಂತರ. ನಾಗಪುರದ ಅಧಿಕಾರಿಗಳು ಎರಡನೇ ಸಲ ಬರುವ ಜಾತಿಯವರಲ್ಲ. ಅವರು ಒಮ್ಮೆ ಬರಿಗೈಯಲ್ಲಿ ತಿರುಗಿದರೆ ಶೇಟ್ ಮತ್ತೆ ಹಳೆಯ ಪದ್ಧತಿಯನ್ನೇ ಹಿಡಿಯಬೇಕಾಗುತ್ತದೆ.

ಸಮಿತ್‌ನ ದಿನಚರಿ ಅವನಿಗೆ ಗೊತ್ತಿತ್ತು. ಡ್ರೋನಿನ ಪೆಟ್ಟಿಗೆ ತೆರೆದ ಜೀಪಿನ ಹಿಂಬದಿಯಲ್ಲಿರುತ್ತದೆ. ಹೊಟ್ಟೆ ತುಂಬದೆ ಸಮಿತ್ ಯಾವ ಕೆಲಸವನ್ನೂ ಶುರುಮಾಡುವುದಿಲ್ಲ, ಹಾಗಾಗಿ ಮೊದಲು ಕೆಳಗಿನ ತಿರುವಿನ ಪೆಂಡಾಲಿನಲ್ಲಿ ಊಟ. ಜೀಪು ಮೇಲೆ, ಊಟ ಕೆಳಗೆ, ನಡುವೆ ಸಾಗವಾನಿ ಮರಗಳು. ಇಷ್ಟು ಸಾಕು. ಇನ್ನು ಅಪವಾದ ಹೊರಲು ಯಾರಾದರೂ ಬೇಕಲ್ಲ, ಅದಕ್ಕೆ ಕೋತಿಗಳಿದ್ದವು. ಮಲಂಗಗಡದ ಕೋತಿಗಳು ಭಕ್ತರ ಕನ್ನಡಕವನ್ನೇ ಬಿಡುವುದಿಲ್ಲ. ಪೆಟ್ಟಿಗೆಯನ್ನು ತೆರೆದಿಟ್ಟು ಸುತ್ತ ಬಾಳೆಹಣ್ಣಿನ ಸಿಪ್ಪೆ, ಹರಿದ ಚಿಪ್ಸ್ ಪ್ಯಾಕೆಟು ಎಸೆದರೆ ಮಿಕ್ಕಿದ್ದನ್ನು ನೋಡಿದವರೇ ಊಹಿಸಿಕೊಳ್ಳುತ್ತಾರೆ. ಮನುಷ್ಯ ತಿಂದ ಗುರುತು ಬರಬಾರದೆಂದು ಸಿಪ್ಪೆಯನ್ನು ಹೇಗೆ ಹರಿಯಬೇಕು ಎಂಬುದನ್ನೂ ಅವನು ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದ. ಹೆಂಡತಿ ಸ್ವರ್ಣಲತಾ ನೋಡಿ, ಮಲಬದ್ಧತೆಯಿರಬೇಕೆಂದು ಸುಮ್ಮನಾದಳು.

ತಾನು ಎಲ್ಲಿದ್ದೆ ಎಂಬುದಕ್ಕೂ ಉತ್ತರ ಬೇಕಿತ್ತು. ಗುರುವಾರದಿಂದಲೇ ಬೆನ್ನು ಹಿಡಿದುಕೊಂಡಿತು. ಶುಕ್ರವಾರ ಶೇಟ್‌ಗೆ ಫೋನಿನಲ್ಲಿ ನರಳಿದ. ಶನಿವಾರ ಸ್ವರ್ಣಲತಾ ಠಾಣೆಯ ಕೋಪರಿಯಲ್ಲಿರುವ ತವರಿಗೆ ಹೋಗುವವಳು, ಮನೆಯಲ್ಲಿ ತಾನೊಬ್ಬನೇ. ಮೊಬೈಲನ್ನು ದಿಂಬಿನ ಪಕ್ಕ ಚಾರ್ಜಿಗೆ ಹಾಕಿ ಹೊರಡುವುದು. ಯಾವ ಟವರನ್ನು ಕೇಳಿದರೂ ಪುಂಡರೀಕಾಕ್ಷ ದಿನವಿಡೀ ಡೊಂಬಿವಲಿಯಲ್ಲೇ ಮಲಗಿದ್ದ ಎನ್ನಬೇಕು. ಪೊಲೀಸರು ಈಗೀಗ ಮನುಷ್ಯರನ್ನು ಕೇಳುವುದೇ ಇಲ್ಲ, ಫೋನನ್ನೇ ಕೇಳುತ್ತಾರೆ ಎಂದು ಅವನು ಪೇಪರಿನಲ್ಲಿ ಓದಿದ್ದ.

ಊಟಕ್ಕೆ ಕೂತವರ ಮೇಲೆ ಒಬ್ಬನ ಕಣ್ಣಿರಬೇಕು, ಜೀಪಿನ ಹತ್ತಿರ ಇನ್ನೊಬ್ಬನಿರಬೇಕು. ಇಬ್ಬರೂ ಮಾತಾಡಬೇಕು, ಮಾತಿನ ಗುರುತು ಉಳಿಯಬಾರದು. ಅವನು ಮತ್ತೊಮ್ಮೆ ವಾಕಿಟಾಕಿ ಆರಿಸಲು ಕೂತ, ಈ ಸಲ ಎಲ್ಲವೂ ತಿರುಗುಮುರುಗು. ಕಿತ್ತಳೆ ಬಣ್ಣ ಬೇಡ, ಕಪ್ಪು ಬೇಕು. ದೂರ ಹೋಗುವ ಸೆಟ್ಟು ಬೇಡ, ಒಂದು ಕಿಲೋಮೀಟರಿಗೆ ಉಸಿರು ಬಿಡುವಂಥದ್ದು ಬೇಕು, ಯಾಕೆಂದರೆ ಹತ್ತಿರದವನಿಗೆ ಮಾತ್ರ ಕೇಳಬೇಕು. ಲೈಸೆನ್ಸ್ ಇದ್ದರೆ ಹೆಸರಿರುತ್ತದೆ, ಆದ್ದರಿಂದ ಲೈಸೆನ್ಸ್ ಬೇಡದ್ದೇ ಮೇಲು. ಕಂಪನಿಗಾಗಿ ಪರೀಕ್ಷೆ ಮಾಡಿ, ನಾಲಾಯಕ್ಕೆಂದು ತಾನೇ ತಳ್ಳಿಹಾಕಿದ್ದ ಜೋಡಿ ಸೆಟ್ಟು ಇನ್ನೂ ಕಪಾಟಿನಲ್ಲಿತ್ತು. ಅದರಷ್ಟು ಯೋಗ್ಯವಾದದ್ದು ಇಡೀ ಠಾಣೆ ಜಿಲ್ಲೆಯಲ್ಲಿ ಇರಲಿಲ್ಲ.

ವಾಕಿಟಾಕಿಯಲ್ಲಿ ಆಡಿದ ಮಾತು ಎಲ್ಲೂ ಉಳಿಯುವುದಿಲ್ಲ. ಕಾಲ್ ಹಿಸ್ಟರಿ ಇಲ್ಲ, ಸಿಮ್ ಇಲ್ಲ, ಟವರ್ ಇಲ್ಲ. ಒಂದೇ ತೊಂದರೆ, ಅದೇ ಚಾನೆಲ್ಲಿನಲ್ಲಿರುವ ಯಾರು ಬೇಕಾದರೂ ಕೇಳಬಹುದು. ಪುಂಡರೀಕಾಕ್ಷ ಇದನ್ನು ಎರಡು ರಾತ್ರಿ ಯೋಚಿಸಿ, ಮೂರನೆಯ ಬೆಳಿಗ್ಗೆ ಹಲ್ಲುಜ್ಜುವಾಗ ಬಗೆಹರಿಸಿದ. ತುಳುವಿನಲ್ಲಿ ಮಾತಾಡುವುದು. ಗ್ಯಾಂಗು ಕಲಬುರಗಿಯದು, ಫಾರೆಸ್ಟ್ ಗಾರ್ಡುಗಳು ಮರಾಠಿಯವರು, ಶೇಟ್ ಗುಜರಾತಿ, ಅಧಿಕಾರಿಗಳು ನಾಗಪುರ. ಠಾಣೆಯಿಂದ ಕಲ್ಯಾಣದವರೆಗೆ ತುಳುವರು ಎಲ್ಲೆಲ್ಲೂ ಇದ್ದಾರೆ, ಅದು ನಿಜ. ಆದರೆ ಅವರು ಹೋಟೆಲು ಇರುವಲ್ಲಿ ಇರುತ್ತಾರೆ. ಕಾಡಿನಲ್ಲಿ ಇಡ್ಲಿ ತಿನ್ನುವವರು ಯಾರು?

ಜೊತೆಗಾರನಾಗಿ ಹೆಂಡತಿಯ ತಮ್ಮ ವಾಸುವನ್ನು ಆರಿಸಿದ. ವಾಸು ಠಾಣೆಯ ಹೋಟೆಲೊಂದರಲ್ಲಿ ಕ್ಯಾಶಿಯರ್, ಶನಿವಾರ ರಜೆ, ಭಾವ ಹೇಳಿದ್ದನ್ನು ಮೀರಿದವನಲ್ಲ.

"ಭಾವ, ಸಿಕ್ಕಿ ಬಿದ್ರೆ?" ಎಂದು ಅವನು ಒಮ್ಮೆ ಕೇಳಿದ.

"ಸಿಕ್ಕಿ ಬೀಳ್ಲಿಕ್ಕೆ ಗುರುತು ಬೇಕು ಮಾರಾಯ. ಇದ್ರಲ್ಲಿ ಗುರುತೇ ಇಲ್ಲ."

"ಹೆಸರು ಹಿಡಿದು ಕರಿಯುದಾ?"

"ನಿನಗೆ ಮಂಡೆ ಸಮ ಉಂಟಾ? ಹೆಸರು ಬಾಯಿಗೇ ಬರ್ಬಾರ್ದು. ನನ್ನದೂ ಇಲ್ಲ, ನಿನ್ನದೂ ಇಲ್ಲ, ಮನೆಯದ್ದೂ ಇಲ್ಲ, ಆಫೀಸಿದ್ದೂ ಇಲ್ಲ."

ಶನಿವಾರ ಎಲ್ಲವೂ ಹಾಕಿದ ಗೆರೆಯ ಮೇಲೆಯೇ ನಡೆಯಿತು. ರಿಕ್ಷಾ ಬದಲಿಸುತ್ತ ಹೋಗಿ, ಕೊನೆಯ ಹಳ್ಳಿಯಲ್ಲಿಳಿದು, ಹಿಂದಿನ ಕಾಲುದಾರಿಯಿಂದ ಪುಂಡರೀಕಾಕ್ಷ ಕಾಡು ಹೊಕ್ಕ. ಮಧ್ಯಾಹ್ನ ಕಿವಿಗೆ ಸಿಕ್ಕಿಸಿಕೊಂಡಿದ್ದ ವಾಕಿಟಾಕಿಯ ತಂತಿಯಲ್ಲಿ ವಾಸುವಿನ ದನಿ ಬಂತು. ಅವರಿಬ್ಬರು ಆಡಿದ್ದು ತುಳು, ಇಲ್ಲಿ ಕನ್ನಡದಲ್ಲಿ ಬರೆದಿರುವುದು ಓದುವವರ ಅನುಕೂಲಕ್ಕೆ.

"ಎಲೆ ಹಾಕಿ ಆಯ್ತು. ದೊಡ್ಡವರು, ಸಣ್ಣವರು, ನಾಗಪುರದವರು, ಎಲ್ಲ ಕೂತ್ರು. ಬಾಸುಂದಿ ಉಂಟು, ಬೇಗ ಏಳುದಿಲ್ಲ."

ಪುಂಡರೀಕಾಕ್ಷ ಪೊದೆಯಿಂದ ಹೊರಬಂದ. ಜೀಪಿನ ಪಕ್ಕ ಯಾರೂ ಇರಲಿಲ್ಲ. ಕರವಸ್ತ್ರ ಸುತ್ತಿದ ಕೈಯಿಂದ ಪೆಟ್ಟಿಗೆ ತೆರೆದು, ಡ್ರೋನನ್ನು ಗೋಣಿಚೀಲಕ್ಕಿಳಿಸಿದ. ಸಿಪ್ಪೆಗಳನ್ನು ಕೋತಿಯ ಮನಸ್ಸಿನಿಂದ ಎಸೆದ. ಒಂದನ್ನು ಸ್ಟಿಯರಿಂಗ್ ಮೇಲೆ ನೇತುಹಾಕಿ, ಅದು ಸ್ವಲ್ಪ ಹೆಚ್ಚಾಯಿತೆನಿಸಿ ಮತ್ತೆ ತೆಗೆದ. ಆಮೇಲೆ ಕಾಡಿನೊಳಗೆ ನಡೆದು, ಒಂದು ಹಳೆಯ ಮರದ ಪೊಟರೆಯಲ್ಲಿ ಡ್ರೋನನ್ನು ಕೂರಿಸಿ ತರಗೆಲೆ ಹೊದಿಸಿದ. ಕೈ ಒರೆಸಿಕೊಂಡು, ಗುಂಡಿ ಒತ್ತಿದ.

"ಆಯ್ತು. ಮಲಗಿಸಿದೆ. ನೀನು ಹೊರಡು."

ವಾಸು ಉತ್ತರಿಸುವ ಮೊದಲು ಮೂರನೆಯ ದನಿಯೊಂದು ಕಿವಿಯೊಳಗೆ ಬಂತು. ಎಳೆಯ ದನಿ, ಸಂತೋಷ ತಡೆಯಲಾರದ ದನಿ, ಶುದ್ಧ ತುಳು.

"ಅಣ್ಣ, ನೀವು ತುಳುವರಾ? ಊರು ಓಲು?"

ಸೆಟ್ಟು ಆಫ್ ಮಾಡಬೇಕು, ಕಿವಿಯ ತಂತಿ ಕೀಳಬೇಕು, ಓಡಬೇಕು. ಇದೆಲ್ಲ ಪುಂಡರೀಕಾಕ್ಷನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೆ ಊರಿನಿಂದ ಇಷ್ಟು ದೂರ ಬಂದವನು, ತುಳುವಿನಲ್ಲಿ ಊರು ಯಾವುದೆಂದು ಕೇಳಿದರೆ ಉತ್ತರ ಕೊಡದೆ ಇರುವುದು ಹೇಗೆ? ಜಾಗ್ರತೆಯಿಂದ, ಇಡೀ ತಾಲೂಕನ್ನು ಮುಂದಿಟ್ಟು ಉತ್ತರಿಸಿದ.

"ಕಾರ್ಕಳದ ಕಡೆ."

"ಅಯ್ಯೋ ದೇವರೇ, ನನ್ನ ಹೆಂಡತಿ ಬಜಗೋಳಿಯವಳು. ನಾನು ಅನೀಶ, ದುಬೈಯಿಂದ ಬಂದು ಈಗ ಇಲ್ಲಿ ಗುಡ್ಡದ ಕೆಳಗೆ ಹೊಸ ರೆಸಾರ್ಟಿನಲ್ಲಿ ಮ್ಯಾನೇಜರ್. ನಮ್ಮ ರೂಮ್‌ಬಾಯ್‌ಗಳ ಹತ್ರ ಇದೇ ಸೆಟ್ಟು ಇರೋದು. ಒಂದು ತಿಂಗಳಿಂದ ಹೆಂಡತಿ ಬಿಟ್ಟರೆ ಬೇರೆ ಯಾರ ಬಾಯಲ್ಲೂ ತುಳು ಕೇಳದೆ ಕಿವಿ ಒಣಗಿತ್ತು."

ರೂಮ್‌ಬಾಯ್‌ಗಳ ಸೆಟ್ಟು. ಪೊಲೀಸನಲ್ಲ, ಗಾರ್ಡ್ ಅಲ್ಲ. ಪುಂಡರೀಕಾಕ್ಷನಿಗೆ ಧೈರ್ಯ ಬಂತು.

"ಬಜಗೋಳಿಯಲ್ಲಿ ಯಾರ ಮನೆ?" ಎಂದು ಕೇಳಿದ. ಅದು ಅವನು ಕೇಳಿದ್ದಲ್ಲ, ಅವನೊಳಗಿನ ಕಾರ್ಕಳ ತಾಲೂಕು ಕೇಳಿದ್ದು.

"ಉಮಾವತಿ ಟೀಚರ್ ಮನೆ. ಅವರ ಮಗಳು ಮಾನಸಿ."

"ಉಮಾವತಿ ಟೀಚರಾ? ಅವರು ನನ್ನ ಹೆಂಡತಿಯ ಸ್ವಂತ ಚಿಕ್ಕಮ್ಮ ಅಲ್ವಾ ಮಾರಾಯ. ಹಾಗಾದ್ರೆ ನಾವು ಷಡ್ಡಕರು."

ಕಿವಿಯಲ್ಲಿ ಒಂದು ಕ್ಷಣ ಬರೀ ಸಂತೋಷದ ಗೊರಗೊರ ಸದ್ದು. ಪುಂಡರೀಕಾಕ್ಷನಿಗೆ ಇನ್ನೊಂದು ಸಂಕಟವೂ ನೆನಪಾಯಿತು. ಮೇ ತಿಂಗಳಲ್ಲಿ ನಡೆದ ಆ ಮದುವೆಗೆ ಅವನು ಹೋಗಿರಲಿಲ್ಲ. ಕಾಡಿನ ಕೆಲಸವೆಂದು ತಪ್ಪಿಸಿಕೊಂಡಿದ್ದ, ಹೆಂಡತಿ ಈಗಲೂ ಅದನ್ನು ಎತ್ತಿ ಆಡುತ್ತಿದ್ದಳು. ಮದುಮಗನೇ ಕಿವಿಯೊಳಗೆ ಬಂದು ನಿಂತಿರುವಾಗ ಒಂದು ಮಾತು ಹೇಳದಿದ್ದರೆ ಆದೀತೇ?

"ಮದುವೆಗೆ ಬರ್ಲಿಕ್ಕೆ ಆಗ್ಲಿಲ್ಲ, ಬೇಜಾರು ಮಾಡ್ಬೇಡ. ನೀವಿಬ್ಬರೂ ಒಮ್ಮೆ ನಮ್ಮಲ್ಲಿಗೆ ಸಮ್ಮಾನಕ್ಕೆ ಬರ್ಲೇಬೇಕು."

ಹೊಸ ದಂಪತಿಯನ್ನು ಮನೆಗೆ ಕರೆದು ಊಟ ಹಾಕುವುದಕ್ಕೆ ಅವರ ಕಡೆ ಸಮ್ಮಾನವೆನ್ನುತ್ತಾರೆ. ಕರೆಯದೆ ಬಿಟ್ಟರೆ ಮೂರು ತಲೆಮಾರು ಮಾತಾಡಿಕೊಳ್ಳುತ್ತದೆ.

"ಖಂಡಿತ ಬರ್ತೇವೆ ಅಣ್ಣ. ನಿಮ್ಮ ಹೆಸರು? ಮನೆ ಎಲ್ಲಿ?"

ಇಲ್ಲಿ ಪುಂಡರೀಕಾಕ್ಷನ ಬುದ್ಧಿ ಮರಳಿ ಬಂತು, ಮತ್ತು ಎಂಥ ಬುದ್ಧಿ. ಸೆಟ್ಟನ್ನು ಅಂಗಿಗೆ ತಿಕ್ಕಿ ಗರಗರ ಸದ್ದು ಮಾಡುತ್ತ, "ಕೇಳ್ತಾ ಇಲ್ಲ, ಕೇಳ್ತಾ ಇಲ್ಲ" ಎಂದ. ಅಷ್ಟರಲ್ಲಿ ಅತ್ತಲಿಂದ ವಾಸು, ತಡೆಯಲಾರದೆ, "ಚಿಕ್ಕಮ್ಮನ ಮೊಣಕಾಲು ಹೇಗುಂಟು ಈಗ?" ಎಂದು ಕೇಳಿದ. ಪುಂಡರೀಕಾಕ್ಷ ಸೆಟ್ಟು ಆಫ್ ಮಾಡಿ ಓಡಿದ.

ಕಲ್ಯಾಣದಿಂದ ಬರುವ ಲೋಕಲ್‌ನಲ್ಲಿ ನೇತಾಡುತ್ತ ಅವನು ನಡೆದದ್ದನ್ನು ಒಂದೊಂದಾಗಿ ಪರಿಶೀಲಿಸಿದ. ಹೆಸರು ಹೇಳಲಿಲ್ಲ. ಡೊಂಬಿವಲಿ ಎನ್ನಲಿಲ್ಲ. ಕಂಪನಿಯ ಸುದ್ದಿ ಇಲ್ಲ. ಕಾರ್ಕಳದ ಕಡೆಯವರು ಮುಂಬೈಯಲ್ಲಿ ಎಷ್ಟಿದ್ದಾರೆಂದು ದೇವರಿಗೂ ಗೊತ್ತಿಲ್ಲ. ವಿಳಾಸವಿಲ್ಲದ ಆಮಂತ್ರಣಕ್ಕೆ ಯಾರು ಬರುತ್ತಾರೆ? ಮರ್ಯಾದೆಯೂ ಉಳಿಯಿತು, ಗುಟ್ಟೂ ಉಳಿಯಿತು. ಮನೆಗೆ ಬಂದು, ದಾರಿಯಲ್ಲಿ ವಾಸುವಿನಿಂದ ಇಸಿದುಕೊಂಡದ್ದೂ ಸೇರಿ ಎರಡೂ ಸೆಟ್ಟುಗಳನ್ನು ಅಕ್ಕಿ ಡಬ್ಬದ ತಳಕ್ಕೆ ಸೇರಿಸಿ, ಬೆನ್ನಿಗೆ ಬಿಸಿನೀರಿನ ಚೀಲವಿಟ್ಟುಕೊಂಡು ಮಲಗಿದ.

ಭಾನುವಾರ ಸಂಜೆ ಹಿತೇಶ್ ಶೇಟ್ ಸಮಿತ್‌ನನ್ನು ಕರೆದುಕೊಂಡು, ಸೇಬುಹಣ್ಣು ಹಿಡಿದು ರೋಗಿಯನ್ನು ನೋಡಲು ಬಂದರು. ಸ್ವರ್ಣಲತಾ ಕುರ್ಚಿ ಎಳೆದಳು. ಅಕ್ಕನ ಮನೆಗೆ ಬಂದಿದ್ದ ವಾಸು ಭಾವನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದವನು ಇನ್ನೂ ಜೋರಾಗಿ ತಿಕ್ಕತೊಡಗಿದ. ನಡೆದದ್ದನ್ನು ಶೇಟ್ ಹೇಳಿದರು. ಊಟ ಮುಗಿಸಿ ಮೇಲೆ ಹೋದರೆ ಪೆಟ್ಟಿಗೆ ಖಾಲಿ, ಎಲ್ಲೆಲ್ಲೂ ಸಿಪ್ಪೆ. ಅಧಿಕಾರಿಗಳು ನಕ್ಕು ನಕ್ಕು ಕಾರು ಹತ್ತಿದರಂತೆ.

"ಬಂದರ್ ಲೇ ಗಯಾ, ಪುಂಡರಿ ಭಾಯ್" ಎಂದು ಶೇಟ್ ಕೋತಿಗಳ ಮೇಲೆ ಹೊರಿಸಿದರು, ಸೋದರಳಿಯನನ್ನು ನೋಡದೆ. "ಬಸ್, ಹೋ ಗಯಾ ಡ್ರೋನ್." ಒಂದನೇ ತಾರೀಕಿನಿಂದ ಪೂರಾ ಗ್ಯಾಂಗಿನ ಜೊತೆ ನೀವೇ ಕಾಡಿಗೆ, ಆ ಕಿತ್ತಳೆ ವಾಕಿಟಾಕಿ ಕೂಡ ತರಿಸೋಣ ಎಂದು ಹಿಂದಿಯಲ್ಲೇ ಸೇರಿಸಿದರು. ವಾಸು ಎಣ್ಣೆ ತಿಕ್ಕುವುದನ್ನು ನಿಲ್ಲಿಸಿದ. ಪುಂಡರೀಕಾಕ್ಷ ದಿಂಬಿಗೆ ಮುಖವೊತ್ತಿ ನರಳಿದ, ಆ ನರಳಿಕೆಯೊಳಗೆ ನಗು ಇತ್ತು. ಸಾಗವಾನಿ ಮರಗಳು ಮತ್ತೆ ಅವನವಾಗಿದ್ದವು. ಮನಸ್ಸು ತುಂಬಿ ಬಂದು, ಪಾಪ ಸಮಿತ್‌ನಿಗೂ ಒಂದು ಸೇಬು ಕೊಡುವಂತೆ ಹೆಂಡತಿಗೆ ಸನ್ನೆ ಮಾಡಿದ. ಆಗ ಬೆಲ್ ಆಯಿತು.

ಸ್ವರ್ಣಲತಾ ಬಾಗಿಲು ತೆರೆದು, "ಅಯ್ಯೋ ಮಾನಸಿ" ಎಂದು ತಬ್ಬಿಕೊಂಡಳು. ಹಿಂದೆ ಸಿಹಿ ಪೊಟ್ಟಣ ಹಿಡಿದ ಯುವಕನೊಬ್ಬ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ. ಹೊಟೇಲಿನಲ್ಲಿ ಪಳಗಿದವನಾದ್ದರಿಂದ, ತುಳು ಬಾರದ ಅತಿಥಿಗಳು ಕೂತಿರುವುದನ್ನು ಕಂಡು ಅವರಿಗೂ ತಿಳಿಯಲೆಂದು ಹಿಂದಿಯಲ್ಲೇ ಶುರುಮಾಡಿದ. ನಿನ್ನೆ ಮಧ್ಯಾಹ್ನ ಮಲಂಗಗಡದ ಕಾಡಿನಲ್ಲಿ ವಾಕಿಟಾಕಿಯಲ್ಲಿ ಈ ಅಣ್ಣ ಸಿಕ್ಕರು, ಎಷ್ಟು ಪ್ರೀತಿಯಿಂದ ಊಟಕ್ಕೆ ಕರೆದರು, ಪಾಪ ಹೆಸರು ಹೇಳುವಷ್ಟರಲ್ಲಿ ಸೆಟ್ಟು ಕೈಕೊಟ್ಟಿತು ಎಂದ. ಶೇಟ್ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟು, ಹಾಸಿಗೆಯ ಮೇಲಿನ ಬೆನ್ನನ್ನು ನೋಡಿದರು. ಹೆಸರಿಲ್ಲದೆ ಮನೆ ಹೇಗೆ ಸಿಕ್ಕಿತೆಂದು ಸಮಿತ್ ಮೆಲ್ಲನೆ ಕೇಳಿದ. ಅದೇನು ಕಷ್ಟ, ಹೆಂಡತಿಯ ಚಿಕ್ಕಮ್ಮ ಎಂದರಲ್ಲ, ಬಜಗೋಳಿಗೆ ಅತ್ತೆಗೆ ಒಂದು ಫೋನ್ ಮಾಡಿದೆ ಎಂದು ಅನೀಶ ನಕ್ಕ. ಟವರ್, ಸಿಮ್, ಲೈಸೆನ್ಸು, ಕೋತಿಯ ಹಲ್ಲಿನ ಗುರುತು, ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದ ಪುಂಡರೀಕಾಕ್ಷ, ಮದುವೆಯಾದಂದಿನಿಂದ ತನಗೆ ಚೆನ್ನಾಗಿ ಗೊತ್ತಿದ್ದ ಒಂದು ಸಂಗತಿಯನ್ನು ಮಾತ್ರ ಬಿಟ್ಟುಬಿಟ್ಟಿದ್ದ: ಉಮಾವತಿ ಟೀಚರಿಗೆ ಇದ್ದದ್ದು ಒಬ್ಬಳೇ ಅಕ್ಕ, ಆ ಅಕ್ಕನಿಗೆ ಒಬ್ಬಳೇ ಮಗಳು, ಆ ಮಗಳಿಗೆ ಒಬ್ಬನೇ ಗಂಡ.